ಮೋರಿ ತಿರುವಿನಲ್ಲಿ ನಿಲ್ಲುವ ಕಾರು

ನನಗೆ ಸಿಟ್ಟು ಬೇಗ ಬರುತ್ತದೆ, ಹೋಗುವುದು ನಿಧಾನ. ಮೊದಲೇ ಹೇಳಿಬಿಟ್ಟರೆ ಓದುವವರಿಗೂ ಅನುಕೂಲ. ಆ ಚಳಿಗಾಲವಿಡೀ ನಾನು ಒಂದು ಕಾರಿನ ಮೇಲೆ, ಒಬ್ಬ ಮೆಕ್ಯಾನಿಕ್ಕಿನ ಮೇಲೆ, ಅಕ್ಕನ ಮಗನ ಮೇಲೆ, ಕೊನೆಗೆ ಒಂದು ಕೋಳಿಯ ಮೇಲೂ ಸಿಟ್ಟು ಮಾಡಿಕೊಂಡೇ ಕಳೆದೆ.

ಕಾರು ಅಕ್ಕನದು. ಇಂಗ್ಲೆಂಡಿನಲ್ಲಿ ತಯಾರಾದದ್ದು. ತೋಟ ಮಾರಿ ತನ್ನ ದೇಶಕ್ಕೆ ಹೊರಟ ಬಿಳಿ ದೊರೆಯೊಬ್ಬನಿಂದ ಅಕ್ಕನ ಮಾವ ಕೊಂಡಿದ್ದರಂತೆ. ಗುಂಡು ಬೆನ್ನು, ಎರಡೇ ಬಾಗಿಲು, ಹಿಂದೆ ಕೂರಬೇಕೆಂದರೆ ಮುಂದಿನ ಸೀಟು ಮಡಚಿ ನುಸುಳಬೇಕು. ಮದುವೆಯಾಗಿ ಬಂದ ಹೊಸತರಲ್ಲಿ ಭಾವ ಅಕ್ಕನಿಗೆ ಅದರಲ್ಲೇ ಗಾಡಿ ಕಲಿಸಿದರು. ಭಾವ ಹೋದ ಮೇಲೂ ಅವಳು ಬಿಡಲಿಲ್ಲ. ಎಪ್ಪತ್ತು ದಾಟಿದರೂ ಪ್ರತಿ ಬುಧವಾರ ಬೆಳಿಗ್ಗೆ ತೋಟದಿಂದ ಬಣಕಲ್ ಹತ್ತಿರದ ನನ್ನ ಮನೆಗೆ ಬರುತ್ತಾಳೆ. ನಾನಲ್ಲಿ ಸಣ್ಣದೊಂದು ಹೋಮ್‌ಸ್ಟೇ ನಡೆಸುತ್ತೇನೆ. ನನ್ನನ್ನು ಹತ್ತಿಸಿಕೊಂಡು ನೇರ ದೇವರಮನೆ ಗುಡ್ಡಕ್ಕೆ. ಪ್ರವಾಸಿಗರ ಗಾಡಿಗಳು ಬಂದು ಗಲಾಟೆ ಶುರುವಾಗುವ ಮೊದಲು ದೇವರಿಗೊಂದು ಕೈ ಮುಗಿದು, ಹುಲ್ಲಿನ ಮೇಲೆ ಒಂದು ಸುತ್ತು ನಡೆದು, ಫ್ಲಾಸ್ಕಿನ ಕಾಫಿ ಕುಡಿದು ವಾಪಸ್ಸು.

ಇಷ್ಟೇ. ಆದರೆ ವಾರದಲ್ಲಿ ಅಕ್ಕ ಯಾರನ್ನೂ ಕೇಳದೆ, ಯಾರಿಗೂ ಕಾಯದೆ ಮಾಡುವ ಕೆಲಸ ಅದೊಂದೇ. ಮಿಕ್ಕ ದಿನ ಮೂಡಿಗೆರೆಗೆ ಕಣ್ಣಿನ ಡಾಕ್ಟರ ಹತ್ತಿರ ಹೋಗುವುದಕ್ಕೂ ಮಗನ ಜೀಪಿಗೆ ಬಿಡುವಾಗಬೇಕು.

ಆ ವರ್ಷ ಮಳೆ ಹಿಂದೆ ಸರಿದು ಮಂಜು ಶುರುವಾದ ಮೇಲೆ ಕಾರು ನಿಲ್ಲತೊಡಗಿತು. ಎಲ್ಲೆಂದರಲ್ಲಿ ಅಲ್ಲ. ದೇವರಮನೆ ದಾರಿಯಲ್ಲಿ ತೋಟಗಳ ನಡುವೆ ಸುಮಾರು ದೂರ ಸಮತಟ್ಟಾದ ರಸ್ತೆ ಸಿಗುತ್ತದೆ. ಅದು ಮುಗಿದು ಏರು ಹತ್ತುವಲ್ಲಿ ಹಳ್ಳಕ್ಕೆ ಕಟ್ಟಿದ ಒಂದು ಮೋರಿ, ಮೋರಿಯ ಮೇಲೆಯೇ ತಿರುವು. ಕಾರು ಅಲ್ಲಿಗೆ ಬಂದು ಒಂದೆರಡು ಸಲ ಬಿಕ್ಕಳಿಸುತ್ತಿತ್ತು. ಅಕ್ಕ ಆಕ್ಸಿಲರೇಟರ್ ತುಳಿದರೂ ದಮ್ಮು ಕಟ್ಟಿದವರ ಹಾಗೆ ಏದುಸಿರು ಬಿಟ್ಟು ಸುಮ್ಮನಾಗುತ್ತಿತ್ತು. ಸ್ಟಾರ್ಟ್ ಮಾಡಿದರೆ ಆಗದು. ನಾವಿಬ್ಬರೂ ಬೇರೆ ದಾರಿಯಿಲ್ಲದೆ ಅಲ್ಲೇ ಕೂತು ಕಾಫಿ ಕುಡಿಯುತ್ತಿದ್ದೆವು. ಕುಡಿದು ಲೋಟ ಒರೆಸಿ ಇಟ್ಟು ಮತ್ತೆ ಕೀಲಿ ತಿರುಗಿಸಿದರೆ, ಏನೂ ಆಗಿಯೇ ಇಲ್ಲವೆಂಬಂತೆ ಹೊರಡುತ್ತಿತ್ತು. ಕೆಟ್ಟ ಗಾಡಿಯನ್ನು ಸಹಿಸಬಹುದು. ಕೆಟ್ಟು, ತಾನೇ ಸರಿಯಾಗಿ, ಸಾಕ್ಷಿಯನ್ನೂ ಉಳಿಸದ ಗಾಡಿಯ ಜೊತೆ ಏಗುವುದು ಯಾರಿಂದ ಸಾಧ್ಯ?

ಅಕ್ಕನ ಮಗ ಕೆಟ್ಟವನಲ್ಲ. ತೋಟವನ್ನೂ ಅಮ್ಮನನ್ನೂ ಚೆನ್ನಾಗಿ ನೋಡಿಕೊಳ್ಳುತ್ತಾನೆ. ಹಿಂದಿನ ಬೇಸಿಗೆಯಲ್ಲಿ ಅಮ್ಮನಿಗೆ ಹುಟ್ಟುಹಬ್ಬದ ಉಡುಗೊರೆ ಎಂದು ಕಾರಿಗೆ ಹೊಸ ಬಣ್ಣ, ಹೊಸ ಸೀಟು, ಬಾನೆಟ್ಟಿನ ಒಳಗೂ ಏನೇನೋ ಹೊಸ ಸಾಮಾನು ಹಾಕಿಸಿದ್ದ. ಈಗ ಕಾರು ನಿಲ್ಲುತ್ತದೆ ಎಂದ ಕೂಡಲೇ ಮೂಡಿಗೆರೆಯಿಂದ ಮೆಕ್ಯಾನಿಕ್ಕನ್ನು ಕರೆಸಿದ. ಅವನು ಪ್ಲಗ್ ಬದಲಾಯಿಸಿದ, ಪೆಟ್ರೋಲ್ ಟ್ಯಾಂಕ್ ಖಾಲಿ ಮಾಡಿ ತೊಳೆದ, ಪೈಪುಗಳನ್ನೆಲ್ಲ ಬಾಯಿಟ್ಟು ಊದಿದ. ಆಮೇಲೆ ಚೆನ್ನಾಗಿ ಬಿಸಿಲೇರಿದ ಮೇಲೆ ಮೋರಿಯ ತನಕ ಧೂಳೆಬ್ಬಿಸಿಕೊಂಡು ಹೋಗಿ ಬಂದ.

"ಗಾಡಿ ಕುದುರೆ ಹಂಗೆ ಓಡ್ತದೆ ಅಣ್ಣ," ಎಂದ. ಅಕ್ಕ ಒಳಗೆ ಹೋದಳೋ ಇಲ್ಲವೋ ಎಂದು ನೋಡಿಕೊಂಡು ಧ್ವನಿ ತಗ್ಗಿಸಿದ. "ಅಮ್ಮಾವ್ರಿಗೆ ವಯಸ್ಸಾಯ್ತಲ್ಲ. ಕ್ಲಚ್ಚು, ಗೇರು, ಏರಲ್ಲಿ ಸ್ವಲ್ಪ ತಪ್ತದೆ ಕಾಣ್ತದೆ."

ಅಕ್ಕ ಒಳಗೆ ಹೋಗಿರಲಿಲ್ಲ. ಬಾಗಿಲ ಮರೆಯಲ್ಲೇ ಇದ್ದಳು. ಎಲ್ಲ ಕೇಳಿಸಿಕೊಂಡಳು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುತ್ತಾರಲ್ಲ, ಅದನ್ನು ನಾನು ಕಣ್ಣಾರೆ ಕಂಡದ್ದು ಆಗ. ಮಗ ತಾನೂ ಒಮ್ಮೆ ಓಡಿಸಿ ನೋಡಿದ. ಅವನಿಗೂ ನಿಲ್ಲಲಿಲ್ಲ. ಸರಿ, ತೀರ್ಪಾಯಿತು. ಲೆಕ್ಕ ಬರೆಯುವ ರೈಟರಿಂದ ಹಿಡಿದು ಆಳುಗಳ ಮೇಸ್ತ್ರಿಯವರೆಗೆ ತೋಟದಲ್ಲಿ ಎಲ್ಲರಿಗೂ ಗೊತ್ತಾಯಿತು: ಅಮ್ಮಾವ್ರ ಕಾಲಿಗೆ ಮೊದಲಿನ ಹಿಡಿತವಿಲ್ಲ. ಅಕ್ಕ ಒಂದು ಸಲ ಮಾತ್ರ "ಗಾಡೀಲೇ ಏನೋ ಇದೆ ಕಣೋ" ಎಂದಳು. "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ," ಎಂದು ಮಗ ನಕ್ಕ. ತಮಾಷೆಗೇ ಅಂದದ್ದು. ಅಕ್ಕನೂ ನಕ್ಕಳು. ನನಗೆ ಮೈಯೆಲ್ಲ ಉರಿಯಿತು.

ಮರುವಾರ ಅವಳ ಮನೆಗೆ ಹೋದಾಗ ಕಂಡದ್ದನ್ನು ನಾನು ಮರೆಯಲಾರೆ. ಅಡಿಗೆಮನೆಯಲ್ಲಿ ಸ್ಟೂಲಿನ ಮೇಲೆ ಕೂತು ಅಕ್ಕ ತನ್ನ ಬಲಗಾಲನ್ನು ನೆಲಕ್ಕೆ ಮೆಲ್ಲಗೆ ಒತ್ತುತ್ತಿದ್ದಳು, ಬಿಡುತ್ತಿದ್ದಳು, ಮತ್ತೆ ಒತ್ತುತ್ತಿದ್ದಳು. ಸೀರೆಯ ನೆರಿಗೆ ಸ್ವಲ್ಪ ಎತ್ತಿ ಪಾದವನ್ನೇ ನೋಡುತ್ತಿದ್ದಳು.

"ನಡುಗ್ತದಾ ನೋಡು," ಎಂದಳು.

"ಎಂತ ನಡುಗೋದು? ನಿನ್ನ ಕಾಲಿಗೆ ಎಂತದೂ ಆಗಿಲ್ಲ."

"ಇಲ್ಲ ಮಾರಾಯ್ತಿ, ನಮಗೆ ಗೊತ್ತಾಗಲ್ಲ. ನೋಡುವವರಿಗೆ ಗೊತ್ತಾಗ್ತದೆ. ಬರೋ ಬುಧವಾರ ಒಂದ್ಸಲ ಹೋಗಿ ಬರೋಣ. ಆಮೇಲೆ ಸಾಕು."

ಆ ಬುಧವಾರ ಮಂಜು ಎಷ್ಟಿತ್ತೆಂದರೆ ತೋಟದ ನೆರಳಿನ ಸಿಲ್ವರ್ ಮರಗಳಿಂದ ಮಳೆ ಬಂದ ಹಾಗೆ ಹನಿ ತೊಟ್ಟಿಕ್ಕುತ್ತಿತ್ತು. ಅಕ್ಕ ಎಂದಿನಂತೆ ಮೆಲ್ಲಗೆ, ಒಂದೇ ಸಮ ಓಡಿಸುತ್ತಿದ್ದಳು. ನಾನು ರಸ್ತೆ ನೋಡದೆ ಅವಳ ಕಾಲನ್ನೇ ನೋಡುತ್ತಿದ್ದೆ. ಅದು ಗೂಟ ಹೊಡೆದ ಹಾಗೆ ಅಲ್ಲಾಡದೆ ಇತ್ತು. ಮೋರಿ ಬಂತು, ಕಾರು ಬಿಕ್ಕಿತು, ನಿಂತಿತು. ಈ ಸಲ ನಾನು ಕಾಫಿಗೆ ಕೈ ಹಾಕಲಿಲ್ಲ. ಇಳಿದು ಹೋಗಿ ಬಾನೆಟ್ ಎತ್ತಿದೆ.

ಬಿಸಿ ಮುಖಕ್ಕೆ ರಾಚಿತು. ಕೈಯಿಡಲಾಗದಷ್ಟು ಕಾದಿದ್ದ ಆ ಇಂಜಿನ್ನಿನ ಪಕ್ಕದಲ್ಲಿ ಕಾರ್ಬುರೇಟರ್ ಮಾತ್ರ, ಅಂದರೆ ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಉಣಿಸುವ ಆ ಪಾತ್ರೆ, ತಣ್ಣೀರು ತುಂಬಿದ ತಂಬಿಗೆಯಂತೆ ಬೆವರಿತ್ತು. ಮುಟ್ಟಿದರೆ ಬೆರಳು ಜುಮ್ಮೆಂದಿತು. ಅದರ ಕುತ್ತಿಗೆಯ ಸುತ್ತ ಬೆಳ್ಳಗೆ ಏನೋ ಹತ್ತಿಕೊಂಡಿತ್ತು. ಉಗುರಿನಿಂದ ಕೆರೆದೆ. ಬೆರಳ ತುದಿಯಲ್ಲಿ ಅದು ನೀರಾಯಿತು.

ಇದನ್ನು ನಾನು ಮೊದಲೇ ನೋಡಿದ್ದೆ, ಕಾರಿನಲ್ಲಲ್ಲ, ನನ್ನ ಅಡಿಗೆಮನೆಯಲ್ಲಿ. ಹೋಮ್‌ಸ್ಟೇ ತುಂಬಿದ ದಿನ ದೊಡ್ಡ ಒಲೆ ಒಂದೇ ಸಮ ಉರಿಯುತ್ತಿದ್ದರೆ ಗ್ಯಾಸ್ ಸಿಲಿಂಡರಿನ ಬುಡಕ್ಕೆ ಇದೇ ರೀತಿ ಬಿಳಿ ಕಟ್ಟುತ್ತದೆ. ಒಳಗಿನ ದ್ರವ ಗ್ಯಾಸಾಗುವಾಗ ಸುತ್ತಲಿನ ಬಿಸಿಯನ್ನೆಲ್ಲ ಎಳೆದುಕೊಳ್ಳುತ್ತದೆ, ಉರಿ ಕುಗ್ಗುತ್ತದೆ. ಮದುವೆಮನೆಯ ಅಡಿಗೆಯವರು ಸಿಲಿಂಡರನ್ನು ಬಿಸಿನೀರಿನ ಟಬ್ಬಿನಲ್ಲಿ ಕೂರಿಸುವುದು ಅದಕ್ಕೇ. ಪೆಟ್ರೋಲಿನ ಗುಣವೂ ಅದೇ ತಾನೆ? ಕಾರ್ಬುರೇಟರಿನ ಗಂಟಲಲ್ಲಿ ಅದು ಆವಿಯಾಗುತ್ತದೆ, ಗಂಟಲು ತಣ್ಣಗಾಗುತ್ತದೆ. ನಮ್ಮ ಮಂಜಿನ ಗಾಳಿಯೋ ಹಿಂಡಿದರೆ ನೀರು ಸುರಿಯುವಂಥದ್ದು. ಆ ನೀರು ಒಳಗೇ ಗಡ್ಡೆ ಕಟ್ಟಿ ಇಂಜಿನ್ನಿನ ಉಸಿರುಗಟ್ಟಿಸುತ್ತಿದೆ. ಕಾರು ನಿಂತ ಮೇಲೆ ಇಂಜಿನ್ನಿನ ಬಿಸಿ ತಾಗಿ ಗಡ್ಡೆ ಕರಗುತ್ತದೆ. ನಾವು ಕಾಫಿ ಕುಡಿದು ಮುಗಿಸುವುದರೊಳಗೆ ಕಾರಿಗೆ ರೋಗವೇ ಇರುವುದಿಲ್ಲ!

"ಫ್ಲಾಸ್ಕ್ ಕೊಡು," ಎಂದು ಕೂಗಿದೆ.

ಅಕ್ಕ ಕೊಟ್ಟಳು. ನಾನು ಮುಚ್ಚಳ ತೆಗೆದು ಬಿಸಿ ಕಾಫಿಯನ್ನು ಕಾರ್ಬುರೇಟರಿನ ಮೈಮೇಲೆ ಸುರಿದೆ.

"ಅಯ್ಯೋ ಪಾಪಿ! ನಮ್ಮ ತೋಟದ ಪೀಬೆರಿ ಕಾಫಿ ಕಣೇ ಅದು!" ಅಕ್ಕ ಕಾರಿನಿಂದ ಹಾರಿಯೇ ಇಳಿದಳು.

"ಹತ್ತು. ಸ್ಟಾರ್ಟ್ ಮಾಡು."

ಮಾಡಿದಳು. ಕಾರು ಕೂಡಲೇ ಎದ್ದಿತು. ಮಂಜಿನ ನಡುವೆ ಬಾನೆಟ್ಟಿನಿಂದ ಕಾಫಿಯ ಘಮ ಬರುತ್ತಿತ್ತು. ನಾನು ಆ ತಿರುವಿನಲ್ಲಿ ನಿಂತು ಹುಚ್ಚಿಯ ಹಾಗೆ ನಕ್ಕೆ. ಸಿಕ್ಕಿಬಿದ್ದ ಕಳ್ಳ ಎಂದುಕೊಂಡೆ.

ಎಲ್ಲಿ ಸಿಕ್ಕಿಬಿದ್ದ? ಅಕ್ಕನ ಮನೆಗೆ ಬರುವಷ್ಟರಲ್ಲಿ ಐಸೂ ಇಲ್ಲ, ನೀರೂ ಇಲ್ಲ. ಇದ್ದದ್ದು ಇಂಜಿನ್ನಿನ ತುಂಬ ಒಣಗಿ ಅಂಟಿದ ಕಾಫಿ. ಅಕ್ಕನ ಮಗ ಬಾನೆಟ್ಟಿನೊಳಗೆ ಬಗ್ಗಿ ನೋಡಿ, ನನ್ನ ಮುಖ ನೋಡಿ, ಮತ್ತೆ ಬಗ್ಗಿ ನೋಡಿದ.

"ಇಂಜಿನ್ನಿಗೆ ಕಾಫಿ ಕುಡಿಸಿದ್ರಾ ಚಿಕ್ಕಮ್ಮ?"

ವಿವರಿಸಿದೆ. ಸಿಲಿಂಡರಿನ ಕಥೆ ಹೇಳಿದೆ. ಮೊಬೈಲಿನಲ್ಲಿ ಹುಡುಕಿ, ಇಂಗ್ಲೆಂಡಿನಲ್ಲಿ ಇಂಥ ಹಳೇ ಕಾರುಗಳಿಗೆಲ್ಲ ಇದು ಮಾಮೂಲಿ ಕಾಯಿಲೆ ಎಂಬುದನ್ನು ತೋರಿಸಿದೆ. ಕಡು ಚಳಿಯೇ ಬೇಕಿಲ್ಲ, ನಮ್ಮ ಬೆಳಗಿನಂಥ ತೇವದ ತಂಪು ಸಾಕು. ಈಗಿನ ಪೆಟ್ರೋಲಿಗೆ ಬೆರೆಸುವ ಸ್ಪಿರಿಟ್ಟಿನಿಂದ ತಂಪು ಇನ್ನೂ ಹೆಚ್ಚುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಆಕ್ಸಿಲರೇಟರನ್ನು ಹಗುರವಾಗಿ ಒಂದೇ ಸಮ ಒತ್ತಿ ಹಿಡಿದವರಿಗೇ ಇದರ ಕಾಟ. ಗಾಳಿಯ ಬಾಗಿಲು ಸ್ವಲ್ಪವೇ ತೆರೆದಿರುವುದರಿಂದ ಆ ಸಂದಿಯಲ್ಲಿ ಗಡ್ಡೆ ಬೇಗ ಕಟ್ಟುತ್ತದೆ. ಬಿಸಿಲಲ್ಲಿ ದಡಬಡ ತುಳಿದು ಓಡಿಸುವವರಿಗೆ ಏನೂ ಆಗುವುದಿಲ್ಲ. ಅಂದರೆ ಅಕ್ಕ ಕೆಟ್ಟದಾಗಿ ಓಡಿಸಿದ್ದಕ್ಕಲ್ಲ, ಚೆನ್ನಾಗಿ ಓಡಿಸಿದ್ದಕ್ಕೆ ಕಾರು ನಿಲ್ಲುತ್ತಿತ್ತು.

ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಮಗ ಮೆಕ್ಯಾನಿಕ್ಕಿಗೆ ಫೋನು ಹಚ್ಚಿ ಸ್ಪೀಕರ್ ಹಾಕಿದ. "ಐಸಾ?" ಎಂದು ಅವನು ನಗುವುದು ಹಜಾರಕ್ಕೆಲ್ಲ ಕೇಳಿಸಿತು. "ಇದೇನು ಕಾಶ್ಮೀರನಾ ಅಣ್ಣ? ಮೂಡಿಗೆರೇಲಿ ಐಸ್ ಬೇಕಂದ್ರೆ ನಾವು ಐಸ್‌ಕ್ರೀಮ್ ಅಂಗಡಿಗೇ ಹೋಗ್ಬೇಕು."

"ನಾಳೆ ಬೆಳಿಗ್ಗೆ ಮಂಜಲ್ಲಿ ನೀನೇ ಬಾ. ಅಮ್ಮನ ಹಾಗೆ ನಿಧಾನ ಓಡಿಸು," ಎಂದು ಅಕ್ಕನ ಮಗನಿಗೆ ಸವಾಲು ಹಾಕಿದೆ. ಬಂದ. ಕಾಫಿ ಹಣ್ಣು ಕೊಯ್ಯುವ ಆಳುಗಳನ್ನೆಲ್ಲ ಕೆಲಸಕ್ಕೆ ಹಚ್ಚಿ, ತಿಂಡಿ ತಿಂದು, ಬಿಸಿಲು ಹೊಳೆಯುವ ಹೊತ್ತಿಗೆ ಬಂದ. ಬಂದವನು ನಿಧಾನವಾಗಿ ಓಡಿಸಿದನೇ? ಅವನ ಕಾಲಿಗೆ ನಿಧಾನವೆಂಬುದು ಗೊತ್ತೇ ಇಲ್ಲ. ಮೋರಿಯನ್ನು ಹಾರಿಸಿಕೊಂಡು ಹೋಗಿ ಮೇಲೆ ನಿಲ್ಲಿಸಿ "ನೋಡಿ ಚಿಕ್ಕಮ್ಮ" ಎಂದ. ಮೈ ಪರಚಿಕೊಳ್ಳುವುದೊಂದು ಬಾಕಿ ಇತ್ತು. ತಿರುಗಿ ಮನೆಗೆ ಬಂದವನು ಕಾರಿನ ಎರಡೂ ಕೀಲಿಗಳನ್ನು ತನ್ನ ಜೇಬಿಗೆ ಹಾಕಿಕೊಂಡ. "ಅಮ್ಮನ ಒಳ್ಳೇದಕ್ಕೇ ಅಲ್ವಾ?" ಎಂದ. ಅಕ್ಕ ಅವನಿಗೆ ಕಾಫಿ ತರಲು ಎದ್ದು ಒಳಗೆ ಹೋದಳು. ಅದೇ ನನಗೆ ಹೆಚ್ಚು ಸಂಕಟವಾದದ್ದು.

ಅವನು ಹೋದ ಮೇಲೂ ನಾನು ಶೆಡ್ಡಿನಲ್ಲಿ ಬಾನೆಟ್ ಎತ್ತಿಕೊಂಡು ಆ ಇಂಜಿನ್ನನ್ನು ದುರುಗುಟ್ಟಿ ನೋಡುತ್ತ ನಿಂತಿದ್ದೆ. ಇಂಜಿನ್ನಿನ ಬಿಸಿ ಹೊಗೆ ಹೊರಡುವ ಕೊಳವೆಯ ಮೇಲೆ ಒಂದು ತಗಡಿನ ಕವಚ ಕಣ್ಣಿಗೆ ಬಿತ್ತು. ತುಕ್ಕು ಹಿಡಿದು ಕೊಳವೆಗೇ ಕಚ್ಚಿಕೊಂಡಿತ್ತು. ಅದರ ಒಂದು ಕಡೆ ದುಂಡಗಿನ ತೂತು, ಯಾವುದಕ್ಕೂ ಸೇರದೆ ಸುಮ್ಮನೆ ಬಾಯಿ ತೆರೆದಿತ್ತು. ಎದುರಿಗೆ ಕಾರ್ಬುರೇಟರಿನ ಮೇಲೆ, ಮಗ ಉಡುಗೊರೆಯಾಗಿ ಹಾಕಿಸಿದ, ಗಾಳಿ ಸೋಸುವ ಹೊಸ ಏರ್ ಫಿಲ್ಟರು ಫಳಫಳ ಹೊಳೆಯುತ್ತಿತ್ತು. ಸುತ್ತಲೂ ಜಾಲರಿ, ಎಲ್ಲ ಕಡೆಯಿಂದಲೂ ತಂಗಾಳಿ.

"ಇಲ್ಲಿ ಮೊದಲು ಎಂತ ಇತ್ತು?" ಎಂದು ಅಕ್ಕನನ್ನು ಕೇಳಿದೆ.

"ಒಂದು ಕರೀ ಡಬ್ಬಿ ಇತ್ತು. ಹಂದಿ ಮೂತಿ ಹಾಗೆ ಒಂದು ಮೂತಿ ಅದಕ್ಕೆ. ಆಯುಧಪೂಜೆ ದಿನ ನಿನ್ನ ಭಾವ ಅದರ ಮೂತಿಯನ್ನ ಈ ಕಡೆಗೆ ತಿರುಗಿಸ್ತಿದ್ರು. ಯುಗಾದಿಗೆ ಆ ಕಡೆಗೆ."

"ಎಂತಕ್ಕೆ?"

"ಎಂತಕ್ಕೆ ಅಂದ್ರೆ? ಶಾಸ್ತ್ರ. ತಿರುಗಿಸಿ, ಕುಂಕುಮ ಇಟ್ಟು, ಕಾಯಿ ಒಡೀತಿದ್ರು. ಅವ್ರು ಹೋದ ಮೇಲೆ ನಾನೇ ಮಾಡ್ತಿದ್ದೆ. ಈ ಸಲ ತಿರುಗಿಸೋಕೆ ಮೂತಿಯೇ ಇರಲಿಲ್ಲ, ಬರೀ ಕುಂಕುಮ ಇಟ್ಟೆ."

ನಾನು ಕಾರಿನ ಮುಂದಿನ ಬಂಪರಿನ ಮೇಲೆ ಹಾಗೇ ಕೂತುಬಿಟ್ಟೆ. ಆಯುಧಪೂಜೆ ಎಂದರೆ ಮಂಜು ಕಾಲಿಡುವ ಹೊತ್ತು. ಯುಗಾದಿ ಎಂದರೆ ಸೆಕೆ. ಚಳಿಗಾಲಕ್ಕೆ ಗಾಳಿ ಎಳೆಯುವ ಮೂತಿಯನ್ನು ಬಿಸಿ ಕೊಳವೆಯ ಕಡೆಗೆ, ಬೇಸಿಗೆಗೆ ಹೊರಗಾಳಿಯ ಕಡೆಗೆ. ದೊರೆ ಭಾವನ ಅಪ್ಪನಿಗೆ ಹೇಳಿಕೊಟ್ಟಿರಬೇಕು, ಅವರು ಮಗನಿಗೆ. ನಡುವೆ ಎಲ್ಲೋ ಕಾರಣ ಉದುರಿಹೋಗಿ ಕುಂಕುಮ ಮಾತ್ರ ಉಳಿಯಿತು. ಮನೆಯಲ್ಲಿ ಇಷ್ಟು ವರ್ಷ ದೇವರ ಹೆಸರಲ್ಲಿ ಐಸನ್ನು ತಡೆದು, ಕೊನೆಗೆ ಅಮ್ಮನ ಹುಟ್ಟುಹಬ್ಬಕ್ಕೆಂದು ಆ ದೇವರನ್ನೇ ಕಿತ್ತು ಬಿಸಾಡಿದ್ದರು!

"ಇದನ್ನ ಮೊದಲೇ ಹೇಳೋಕೇನಾಗಿತ್ತು ನಿಂಗೆ?"

"ಯಾರು ಕೇಳಿದ್ರು?" ಎಂದಳು ಅಕ್ಕ.

ತೋಟದಲ್ಲಿ ಯಾವುದೂ ಹಾಳಾಗುವುದಿಲ್ಲ, ಯಾರದ್ದೋ ಕೈ ಸೇರಿರುತ್ತದೆ. ವಿಚಾರಿಸಿದಾಗ ಆ ಡಬ್ಬಿ ಮೇಸ್ತ್ರಿಯ ಹೆಂಡತಿಯ ಹಿತ್ತಲಲ್ಲಿ ಸಿಕ್ಕಿತು. ನೋಡಿದರೆ ಅದರ ಮುಚ್ಚಳ ಸೌದೆಯ ಮೇಲೆ ಬಿದ್ದಿದೆ. ತಳದೊಳಗೆ ಹುಲ್ಲು. ಹುಲ್ಲಿನ ಮೇಲೆ ಒಂದು ಕೆಂಪು ಕೋಳಿ ರೆಕ್ಕೆ ಕೆದರಿ ಕೂತು ನನ್ನನ್ನು ಗುರ್ರೆಂದು ನೋಡುತ್ತಿದೆ.

"ಕಾವಿಗೆ ಕೂತಿದೆ ಅಮ್ಮಾವ್ರೇ," ಎಂದಳು ಮೇಸ್ತ್ರಿಯ ಹೆಂಡತಿ. "ಮೊನ್ನೆಯಷ್ಟೇ ಕೂರಿಸಿದ್ದು. ಈಗ ಜಾಗ ಬದಲಾಯ್ಸಿದ್ರೆ ಅದು ಮತ್ತೆ ಕೂರಲ್ಲ."

"ಒಂದು ಬುಟ್ಟಿ ಕೊಡ್ತೇನೆ. ಹೊಸದು. ಬೇಕಾದ್ರೆ ಎರಡು ಕೊಡ್ತೇನೆ," ಎಂದು ನಾನು ಕೈ ಹಾಕಹೋದೆ. ಕೋಳಿ ಕುಕ್ಕಿತು. ಅಕ್ಕನೂ ನನ್ನ ಕೈ ಹಿಡಿದು ಹಿಂದಕ್ಕೆ ಎಳೆದಳು.

"ಕಾವಿಗೆ ಕೂತದ್ದನ್ನ ಎಬ್ಬಿಸಬಾರದು. ಬಿಡು. ಮರಿ ಆಗ್ಲಿ."

"ನಿನ್ನ ಕೀಲಿ ಅವನ ಜೇಬಲ್ಲಿದೆ. ನಿಂಗೆ ಕೋಳಿ ಹೆಚ್ಚಾಯ್ತಾ?"

"ನನ್ನನ್ನ ಎಬ್ಬಿಸಿದ್ರು ಅಂತ ನಾನು ಅದನ್ನ ಎಬ್ಬಿಸ್ಲಾ?"

ಬರಿಗೈಯಲ್ಲಿ ವಾಪಸ್ಸಾದೆ. ಸಿಟ್ಟು ಮಾತ್ರ ಹಾಗೇ ಇತ್ತು. ಎರಡು ಬುಧವಾರ ಬಂದು ಹೋದವು. ನಾನು ಮನೆಯ ಮುಂದೆ ನಿಂತು ಹೆದ್ದಾರಿಯ ಬಸ್ಸುಗಳನ್ನು ನೋಡಿದೆ. ಮಧ್ಯೆ ಮಧ್ಯೆ ಫೋನು ಮಾಡಿ ಕೋಳಿಯ ಕ್ಷೇಮಸಮಾಚಾರ ವಿಚಾರಿಸಿದೆ. ಜನ್ಮದಲ್ಲಿ ಇನ್ನಾರ ಬಾಣಂತನಕ್ಕೂ ನಾನು ಅಷ್ಟು ಕಾದಿಲ್ಲ.

ಮರಿಗಳು ಹೊರಬಂದ ಸುದ್ದಿ ಕೇಳಿದ ದಿನವೇ ಹೋಗಿ ಡಬ್ಬಿ ತಂದೆ. ಹುಲ್ಲು, ಹಿಕ್ಕೆ ಎಲ್ಲ ಕೆರೆದು, ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿದೆವು. ಮೂಡಿಗೆರೆಯಿಂದ ತಂದ ಹೊಸ ಫಿಲ್ಟರ್ ಕಾಗದವನ್ನು ಒಳಗೆ ಕೂರಿಸಿದೆವು. ಹೊಳೆಯುವ ಉಡುಗೊರೆಯನ್ನು ಬಿಚ್ಚಿ, ಬಟ್ಟೆಯಲ್ಲಿ ಸುತ್ತಿ ಜೋಪಾನವಾಗಿ ಎತ್ತಿಟ್ಟಳು ಅಕ್ಕ, ಮಗ ಕೊಡಿಸಿದ್ದಲ್ಲವೇ. ಸ್ಪ್ಯಾನರ್ ಹಿಡಿದು ಡಬ್ಬಿ ಬಿಗಿದವಳೂ ಅವಳೇ. ಮೂತಿಯನ್ನು ಬಿಸಿ ಕೊಳವೆಯ ಕಡೆ ತಿರುಗಿಸಿದಾಗ ಅದು ತಗಡಿನ ಕವಚದ ಬಾಯಿಗೆ ಸರಿಯಾಗಿ ಕೂತಿತು. ಅಕ್ಕ ಒಳಗೆ ಹೋಗಿ ಕುಂಕುಮ ತಂದು ಮೂತಿಗೆ ಇಟ್ಟಳು. ನಾನು ಬೇಡವೆನ್ನಲಿಲ್ಲ.

ಇನ್ನು ಕೀಲಿ. ಮಗನನ್ನು ಕೇಳಿದೆ. "ನೀವು ಓಡಿಸೋದಾದ್ರೆ ಕೊಡ್ತೇನೆ ಚಿಕ್ಕಮ್ಮ," ಎಂದ. ನನಗೆ ಗಾಡಿ ಬರುವುದಿಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತು. ಜಗಳವಾಡಿದೆ, ಗೋಗರೆದೆ, ಭಾವನ ಹೆಸರನ್ನೂ ಎತ್ತಿದೆ. ಕೊನೆಗೆ ತಾನೂ ಜೊತೆಗೆ ಬರುವುದಾದರೆ ಆಗಬಹುದು ಎಂದು ಒಂದು ಕೀಲಿ ಕೊಟ್ಟ. ಇನ್ನೊಂದು "ಯಾವುದಕ್ಕೂ ಇರ್ಲಿ" ಎಂದು ಅವನ ಜೇಬಿನಲ್ಲೇ ಉಳಿಯಿತು.

ಬುಧವಾರ ಬೆಳಗಾಗುವಾಗಲೇ ಹೊರಟೆವು. ನಾನು ಕೇಳಿಕೊಂಡದ್ದಕ್ಕಿಂತ ಹೆಚ್ಚೇ ಮಂಜಿತ್ತು. ಮಗ ಹಿಂದಿನ ಸೀಟಿನಲ್ಲಿ ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಕೂತಿದ್ದ. ನಮ್ಮಿಬ್ಬರ ಭುಜಗಳ ನಡುವೆ ಕತ್ತು ತೂರಿಸಿ ಅಮ್ಮನ ಕಾಲನ್ನು ನೋಡುತ್ತಿದ್ದ. "ಸ್ವಲ್ಪ ಒತ್ತಮ್ಮ", "ಗೇರು ಬದಲಾಯ್ಸಮ್ಮ", "ಹುಷಾರಮ್ಮ". ಅಕ್ಕ ಎಂದಿನ ಹಾಗೆ ಮೆಲ್ಲಗೆ, ಒಂದೇ ಸಮ ಓಡಿಸಿದಳು. ಸಮತಟ್ಟಿನ ರಸ್ತೆ ಮುಗಿಯುತ್ತ ಬಂತು. ಮಂಜಿನೊಳಗಿಂದ ಮೋರಿಯ ಕಟ್ಟೆ ಬೆಳ್ಳಗೆ ಕಾಣಿಸಿತು. ಇಂಜಿನ್ ಬಿಕ್ಕಲಿಲ್ಲ. ಏರು ಹತ್ತಿತು. ತಿರುವಿನ ನಡುವೆ ಬಂದೆವು.

ಕಾರು ನಿಂತಿತು.

ಹಿಂದಿನಿಂದ ಮಗ ಉದ್ದಕ್ಕೆ ಉಸಿರು ಬಿಟ್ಟ. "ಹೇಳಿದ್ನಲ್ಲ ಚಿಕ್ಕಮ್ಮ," ಎಂದ, ಪಾಪ, ಮೆತ್ತಗೇ ಎಂದ. ನನಗೆ ಅಳು ಬಂತು. ಆ ಡಬ್ಬಿಯನ್ನು ಕಿತ್ತು ಹಳ್ಳಕ್ಕೆ ಎಸೆಯಬೇಕೆನಿಸಿತು.

ಅಕ್ಕ ಹ್ಯಾಂಡ್‌ಬ್ರೇಕ್ ಎಳೆದಳು. ಆಗ ನೋಡಿದೆ, ಕೀಲಿಯ ಮೇಲೆ ಅವಳ ಬೆರಳಿತ್ತು.

"ಎಂತ ಹಾಗೆ ನೋಡ್ತೀರಿ ಇಬ್ರೂ?" ಎಂದಳು. "ಇವತ್ತು ಅದು ನಿಂತದ್ದಲ್ಲ. ನಾನು ನಿಲ್ಸಿದ್ದು."

ಅಕ್ಕ ಹಿಂತಿರುಗದೆ, ಕೈ ಮಾತ್ರ ಭುಜದ ಮೇಲಿಂದ ಹಿಂದಕ್ಕೆ ಚಾಚಿದಳು.

"ಇನ್ನೊಂದು ಕೀಲಿ ನಿನ್ನ ಜೇಬಲ್ಲಿದೆಯಲ್ಲ, ತಾ."

ಅವನು ಕೊಟ್ಟ. ಅಕ್ಕ ಅದನ್ನು ಸೆರಗಿನ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಈಗ ಇಳಿ ಮಾರಾಯ. ನಡ್ಕೊಂಡು ಬಾ. ನೀನು ಹಿಂದೆ ಕೂತು ನನ್ನ ಕಾಲು ನೋಡ್ತಿದ್ರೆ ನಿಜಕ್ಕೂ ನಡುಗ್ತದೆ."

ನಾನು ಇಳಿದು ಸೀಟು ಮಡಚಿ ಅವನಿಗೆ ದಾರಿ ಬಿಟ್ಟೆ, ಮತ್ತೆ ಹತ್ತಿದೆ. ಏರಿನ ಮಧ್ಯದಲ್ಲಿ ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು, ಒಂದಿಂಚೂ ಹಿಂದೆ ಜಾರದೆ ಹೊರಟಿತು. ಕನ್ನಡಿಯಲ್ಲಿ ಅವನು ಮೋರಿ ಕಟ್ಟೆಯ ಪಕ್ಕ ಸ್ವಲ್ಪ ಹೊತ್ತು ಕಂಡ, ಆಮೇಲೆ ಮಂಜು ಮುಚ್ಚಿತು. ಕಾಫಿಯನ್ನು ನಾವು ಮೇಲೆ ಹೋಗಿ ಕುಡಿದೆವು.